ಗುಂಡಿಯಾಚೆಯ ಮಿರ್ಚಿ

ದ್ಯಾಮವ್ವನ ಮಿರ್ಚಿ ಅಂಗಡಿ ಮುಂದೆ ನಗರಸಭೆಯವರು ಚರಂಡಿಗಂತ ಆಳುದ್ದ ಗುಂಡಿ ತೋಡಿ ಎರಡು ತಿಂಗಳಾಗಿತ್ತು. ಗಿರಾಕಿ ಒಬ್ಬನೂ ಇಲ್ಲ. ದಾರಿ ಕಡಿದುಹೋದ ಅಂಗಡಿಗಳಿಗೆ ಬಾಡಿಗೆ ಮಾಫಿ ಅಂತ ಸರ್ಕಾರ ಹೇಳಿತ್ತು. ಅರ್ಜಿ ಕೊಟ್ಟರೆ, ನಗರಸಭೆ ಅಂಗಡಿಗಳ ಬಾಡಿಗೆ ವಸೂಲಿ ಮಾಡುವ ಕಂದಾಯದ ಸಾಹೇಬ ವಿರುಪಣ್ಣ ಮೂಗು ಮುರಿದ.

"ನಕ್ಷೆಯಲ್ಲಿ ದಾರಿ ಐತಿ. ನಿನ್ನ ಮಿರ್ಚಿಗೆ ರುಚಿ ಇಲ್ಲ, ಅದಕ್ಕೇ ಗಿರಾಕಿ ಇಲ್ಲ. ಸೋಮವಾರ ನಾನೇ ಬಂದು ನೋಡ್ತೀನಿ. ಆಮೇಲೆ ಬಾಡಿಗೆ ಕಟ್ಟು, ಇಲ್ಲಾ ಬೀಗ."

ಸಾಹೇಬರು ತಪಾಸಣೆಗೆ ಬಂದರೆ ತಿಂಡಿ ಬಿಟ್ಟಿ, ಅದು ಆ ಊರಿನ ಪದ್ಧತಿ. ಸೋಮವಾರ ಸಂಜೆ ದ್ಯಾಮವ್ವ ಹಿತ್ತಲ ಕಿಟಕಿಯಿಂದ ಅಂಗಡಿಗಿಳಿದು ಬಾಣಲೆ ಇಟ್ಟಳು. ವಿರುಪಣ್ಣ ಜವಾನನ ಜೊತೆ ಗುಂಡಿಯಾಚೆ ಬಂದು ನಿಂತಾಗ ಮಿರ್ಚಿ ಎಣ್ಣೆಯಲ್ಲಿ ಕುಣಿಯುತ್ತಿದ್ದವು.

"ಬರ್ರಿ ಸಾಹೇಬ್ರೆ. ದಾಟಿ ಬಂದ್ರೆ ಮಿರ್ಚಿನೂ ನಿಮ್ದು, ಬಾಡಿಗೆನೂ ನಿಮ್ದು."

ಸಾಹೇಬನ ಹೊಟ್ಟೆ ಮುಂದಕ್ಕೆ ಹೋಯಿತು, ಕಾಲು ಹೋಗಲಿಲ್ಲ. ಮಣ್ಣು ಕುಸಿದು ಒಂದು ಚಪ್ಪಲಿ ಗುಂಡಿಗೆ ಬಿತ್ತು.

"ಅಲ್ಲಿಂದಾನೇ ಎಸಿ," ಅಂದ.

"ತಿನ್ನೋದನ್ನ ಎಸೀಬಾರ್ದು ಸಾಹೇಬ್ರೆ."

ಅವನು ಜವಾನನ ಕಡೆ ನೋಡಿದ. "ನನಗೆ ಎರಡು ಮಕ್ಕಳದಾವ್ರಿ," ಅಂದ ಜವಾನ.

"ಮನುಷ್ಯ ಆದವ್ನು ಅಲ್ಲಿಗೆ ಹೆಂಗ ಬರ್ತಾನೆ?" ವಿರುಪಣ್ಣ ರೇಗಿದ.

"ಅಷ್ಟೇ ಬರ್ದು ಸಹಿ ಹಾಕಿಬಿಡ್ರಿ."

ಗುಂಡಿಯೊಳಗಿನ ಕೂಲಿಯವರು ಕಿಸಕ್ಕನೆ ನಕ್ಕರು. ವಿರುಪಣ್ಣ ಬಾಣಲೆ ಕಡೆಗೇ ಕಣ್ಣಿಟ್ಟು ಬರೆದ, ಸಹಿ ಹಾಕಿದ, ಕಾಗದ ಕಲ್ಲಿಗೆ ಸುತ್ತಿ ಎಸೆದ. ದ್ಯಾಮವ್ವ ಎರಡು ಸಲ ಓದಿ ಸೆರಗಿಗೆ ಗಂಟು ಹಾಕಿಕೊಂಡಳು.

"ಈಗಾದ್ರೂ ಎರಡು ಮಿರ್ಚಿ ಹೆಂಗಾದ್ರೂ ಕಳಿಸವ್ವ."

"ಹೆಂಗ್ರಿ? ಇಲ್ಲಿಗೆ ಗಿರಾಕಿ ಬರಾಕಾಗಲ್ಲ ಅಂತ ನೀವೇ ಬರ್ದೀರಿ. ನೀವು ಮಿರ್ಚಿ ತಿಂದಿದ್ದು ಗೊತ್ತಾದ್ರೆ ನನ್ನ ಮಾಫಿನೂ ಹೋಗ್ತೈತಿ, ನಿಮ್ಮ ನೌಕರಿನೂ ಹೋಗ್ತೈತಿ," ಅಂತ ದ್ಯಾಮವ್ವ ಬಿಸಿ ಮಿರ್ಚಿಯೊಂದನ್ನು ತಾನೇ ಕಚ್ಚಿದಳು.