ದ್ಯಾವಿ ಕೊರೆದ ಸವತಿ ಕಣ್ಣು

ಹೂಂಗುಟ್ಟೋರು ಇದ್ರೆ ಹೇಳ್ತೀನಿ, ಇಲ್ಲಾಂದ್ರೆ ನಾನೂ ಸೆರಗು ಹೊದ್ದು ಮಲಗ್ತೀನಿ. ಗೋಡೆಗೆ ಕಥೆ ಹೇಳೋಳಲ್ಲ ನಾನು. ಹೂಂ ಅಂತೀರಾ? ಆ ಮೂಲೇಲಿರೋಳೂ ಅನ್ನಬೇಕು. ಹಾಂ, ಹಾಗೆ. ಈಗ ಕೇಳಿ.

ಒಂದೂರಂತೆ. ಯಾವೂರು ಅಂತ ಕೇಳಬೇಡಿ, ನನಗೆ ಹೇಳಿದೋರಿಗೂ ಗೊತ್ತಿರಲಿಲ್ಲ. ಆ ಊರಲ್ಲಿ ನಿಂಗಜ್ಜಿ ಅಂತ ಒಬ್ಬ ಮುದುಕಿ ಇದ್ದಳಂತೆ. ತೊಗಲುಗೊಂಬೆ ಮಾಡೋದು ಅವಳ ಕಸುಬು. ಮೇಕೆ ಚರ್ಮಾನ ಕೆರೆದೂ ಕೆರೆದೂ, ಆಚೆ ಇಟ್ಟ ಬೆರಳು ಈಚೆ ಕಾಣೋ ಹಾಗೆ ತೆಳ್ಳಗೆ ಮಾಡೋಳು. ಅದರ ಮೇಲೆ ರಾಜನ್ನೋ ರಾಣೀನೋ ಬರೆಯೋಳು. ಆಮೇಲೆ ಉಳಿ ಇಟ್ಟು ಕಣ್ಣು, ಸರ, ಸೀರೆ ಅಂಚು ಎಲ್ಲಾ ತೂತು ತೂತಾಗಿ ಕೊರೆದು ಬಣ್ಣ ಹಾಕೋಳು. ಪರದೆ ಕಟ್ಟಿ ಹಿಂದೆ ದೀಪ ಇಟ್ಟು ಆಡಿಸಿದ್ರೆ, ನೋಡೋಕೆ ಬಂದೋರು ಮಕ್ಕಳಿಗೆ ಹಾಲು ಕುಡಿಸೋದನ್ನೂ ಮರೀತಿದ್ರಂತೆ.

ಈ ಅಜ್ಜಿ ಹತ್ರ ಕಲಿಯೋಕೆ ದ್ಯಾವಿ ಅಂತ ಒಬ್ಬ ಹುಡುಗಿ ಇದ್ದಳು. ಹಲ್ಲು ಬೀಳೋ ವಯಸ್ಸಿಗೇ ಬಂದು ಸೇರಿದೋಳು. ಕಲಿಯೋಕೆ ಅಲ್ಲೊಂದು ಕ್ರಮ ಇತ್ತಂತೆ. ಮೊದಲು ಚರ್ಮ ಕೆರೀಬೇಕು. ಅದು ಕೈಗೆ ಕೂತ ಮೇಲೆ ಹಳೇ ಗೊಂಬೆ ಕೆಳಗಿಟ್ಟು, ಹೊಸ ಚರ್ಮ ಮೇಲಿಟ್ಟು, ಕಾಣೋ ಗೆರೆ ಮೇಲೇ ಗೆರೆ ಎಳೀಬೇಕು. ಅದೂ ಕೂತ ಮೇಲೆ ಸ್ವಂತ ಗೆರೆ. ಉಳಿ ಮುಟ್ಟೋದು ಎಲ್ಲಕ್ಕಿಂತ ಕೊನೆಗೆ. ದ್ಯಾವಿ ಕೆರೆದಳು, ಕೆರೆದಳು, ಉಗುರೆಲ್ಲ ಸವೆದು ಮೊಂಡಾಯ್ತು. ಗೆರೆ ಮೇಲೆ ಗೆರೆ ಎಳೆದಳು, ಎಳೆದಳು, ಬೆನ್ನು ಬಾಗಿತು. ಸ್ವಂತ ಗೆರೆ ಎಳೆಯೋಕೆ ಕೂತ್ರೆ ಮಾತ್ರ ಅವಳ ರಾಜ ರಾಗಿ ಮೂಟೆ ಹಾಗೆ ಕಾಣೋನು, ಅವಳ ರಾಣಿ ಆ ಮೂಟೆಗೆ ಸೀರೆ ಸುತ್ತಿದ ಹಾಗೆ ಕಾಣೋಳು. ಅಜ್ಜಿ ನಗದೆ, "ಇನ್ನೊಂದು ಎಳಿ ಮಗಾ" ಅನ್ನೋಳಂತೆ.

ಹೀಗಿರೋವಾಗ ಆ ಮನೆಗೆ ಹೊಂಬಿ ಅಂತ ಇನ್ನೊಬ್ಬ ಹುಡುಗಿ ಬಂದಳು. ದ್ಯಾವಿಗಿಂತ ಚಿಕ್ಕೋಳು. ಬಂದ ದಿನವೇ ಸುಮ್ಮನೆ ಕೂರಲಾರದೆ ಇದ್ದಿಲು ತಗೊಂಡು ಅಂಗಳದಲ್ಲಿ ಒಂದು ಕೋಳಿ ಬರೆದಳಂತೆ. ಬರೆದು ಕೈ ಒರೆಸೋಷ್ಟರಲ್ಲಿ ಪಕ್ಕದ ಮನೆ ಕೋಳಿಮರಿಗಳೆಲ್ಲ ಕೀಚ್ ಕೀಚ್ ಅಂತ ಓಡಿ ಬಂದು, ಆ ಇದ್ದಿಲು ಕೋಳಿ ಹೊಟ್ಟೆ ಹತ್ರ ಮುದುರಿಕೊಂಡು ಕೂತವಂತೆ! ನಗಬೇಡಿ, ಹೇಳಿದೋರು ಹಾಗೇ ಹೇಳಿದ್ದು.

ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ ನನ್ನ ಚಿನ್ನ, ಎಲ್ಲಿದ್ದೆ ಇಷ್ಟು ದಿವಸ?" ಅಂದಳು.

ಆ ಒಂದು ಮಾತಿಗೆ ದ್ಯಾವಿ ಹೊಟ್ಟೇಲಿ ಬೆಂಕಿ ಬಿತ್ತು. ಅವಳನ್ನ ಅಜ್ಜಿ ಒಂದಿನವೂ ಚಿನ್ನ ಅಂದಿರಲಿಲ್ಲ. ಅವತ್ತಿಂದ ಹೊಂಬಿ ನಕ್ಕರೆ ಉರಿ, ಹೊಂಬಿ ಉಂಡರೆ ಉರಿ. ಹೊಂಬಿ "ಅಕ್ಕ, ನೀನು ಕೆರೆದ ಚರ್ಮ ಎಷ್ಟು ನುಣುಪಾಗಿದೆ!" ಅಂತ ಹೊಗಳಿದರಂತೂ ಇನ್ನೂ ಉರಿ. ಏನು, ನಾನು ಕೆರೆಯೋಕೇ ಹುಟ್ಟಿದೀನಾ ಅಂತ ದ್ಯಾವಿ ಒಳಗೊಳಗೇ ಹಲ್ಲು ಕಡಿಯೋಳು.

ಹೂಂ ಅನ್ರೇ. ಆ ಕಾಲಕ್ಕೆ ಸರಿಯಾಗಿ ದೊರೆ ಅರಮನೆಯಿಂದ ಆಳು ಬಂದ. "ದೊರೆಗಳಿಗೆ ಹೊಸ ಆಟ ನೋಡಬೇಕಂತೆ. ಇಬ್ಬರು ರಾಣಿಯರ ಕಥೆ. ಬೇಸಿಗೆ ಕಳೆದ ಮೇಲೆ ಅರಮನೆಯಲ್ಲೇ ಆಡಿಸಬೇಕಂತೆ" ಅಂತ ಹೇಳಿ ಹೋದ. ಅಜ್ಜಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು.

"ನನ್ನ ಕೈ ನಡುಗ್ತಿದೆ ಮಕ್ಕಳಾ. ರಾಣಿ ಗೊಂಬೆ ನೀವು ಮಾಡಬೇಕು. ಯಾರ ಗೊಂಬೆ ಅರಮನೇಲಿ ನಿಲ್ಲುತ್ತೋ ಅವಳಿಗೆ ನನ್ನ ಉಳಿ. ಈ ಮನೆ ಗೊಂಬೆ ಎಲ್ಲಾ ಅವಳ ಕೈಗೆ. ಇನ್ನೊಬ್ಬಳು ಅವಳ ಕೈಕೆಳಗೆ ಚರ್ಮ ಕೆರಕೊಂಡಿರಬೇಕು" ಅಂದಳಂತೆ.

ಹೊಂಬಿ ಕೈಕೆಳಗೆ! ಬದುಕಿರೋವರೆಗೂ ಹೊಂಬಿಗೆ ಚರ್ಮ ಕೆರಕೊಡೋದು! ದ್ಯಾವಿ ಅವತ್ತು ಅನ್ನದ ತಟ್ಟೆ ಆಚೆ ತಳ್ಳಿದಳು. ಚರ್ಮ ತೊಳೆಯೋ ನೆಪ ಮಾಡಿಕೊಂಡು ಮಟಮಟ ಮಧ್ಯಾಹ್ನ ಕೆರೆ ಏರಿಗೆ ಹೋದಳು. ಅಲ್ಲೊಂದು ಹುಣಸೇಮರ. ಅದರ ಕೆಳಗೆ ಕೂತು ಗೋಳೋ ಅಂತ ಅತ್ತಳು. ಆ ಮರದಲ್ಲಿ ಒಂದು ದೆವ್ವ ಇತ್ತಂತೆ. ಕೊಂಬೆ ಮೇಲೆ ಕಾಲು ಇಳಿಬಿಟ್ಟುಕೊಂಡು ಹುಣಸೆಕಾಯಿ ಚೀಪ್ತಾ ಇದ್ದದ್ದು, ಕೆಳಗೆ ಬಗ್ಗಿ ನೋಡಿತು.

"ಯಾರೇ ಅದು, ಊಟದ ಹೊತ್ತಲ್ಲಿ ಅಳೋದು?"

ಬೇರೆಯೋರಾಗಿದ್ರೆ ಹೆದರಿ ಓಡ್ತಿದ್ರು. ಹೊಟ್ಟೆಕಿಚ್ಚು ಇರೋರಿಗೆ ಹೆದರೋಕೆ ಪುರುಸೊತ್ತೆಲ್ಲಿ? "ಹೊಂಬಿ ಕೈಲಿರೋ ವಿದ್ಯೆ ಕಿತ್ತುಹಾಕು, ನಿನಗೆ ಏನು ಬೇಕಾದ್ರೂ ಕೊಡ್ತೀನಿ" ಅಂದಳು ದ್ಯಾವಿ.

"ಏನೂ ಬೇಡ. ಅಳೋದು ನಿಲ್ಲಿಸಿದ್ರೆ ಸಾಕು" ಅಂತು ದೆವ್ವ. "ಆದ್ರೆ ನಾನು ಬರೆಯೋರ ಮನೆ ದೆವ್ವ ಅಲ್ಲ. ಸುಮ್ಮನೆ ವಿದ್ಯೆ ಅಂದ್ರೆ ನನಗೇನು ಗೊತ್ತಾಗುತ್ತೆ? ಯಾವುದನ್ನ ಕೀಳಬೇಕೋ ಅದನ್ನ ಈ ಧೂಳಲ್ಲಿ ಬರೆದು ತೋರಿಸು."

ದ್ಯಾವಿ ಕಣ್ಣೊರೆಸಿಕೊಂಡು, ಕಡ್ಡಿ ತಗೊಂಡು, ಹೊಂಬಿ ಬರೆಯೋ ರಾಣಿಯ ಸೊಂಟ ಹೇಗೆ ಬಳುಕುತ್ತೆ ಅಂತ ಬರೆದಳು. ದೆವ್ವ ಇಳಿದು ಬಂದು ನೋಡಿತು.

"ಈ ಮೂಟೇನಾ? ಇದು ಹೊಂಬಿದಲ್ಲ ಕಣೇ, ಇದು ನಿಂದು. ನಿಂದನ್ನೇ ಕಿತ್ತುಬಿಡಲಾ?"

"ಅಯ್ಯಯ್ಯೋ ಬೇಡ, ಬೇಡ!" ಅಂತ ದ್ಯಾವಿ ಕಾಲಲ್ಲಿ ಅಳಿಸಿಹಾಕಿ ಮನೆಗೆ ಓಡಿದಳು.

ಅವತ್ತಿಂದ ನೋಡಿ, ಹೊಂಬಿ ಬರೆಯೋಕೆ ಕೂತ್ರೆ ದ್ಯಾವಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರೋಳು. ಹೊಂಬಿ ಸೊಂಟದ ಗೆರೆ ಎಳೆಯೋವಾಗ ಉಸಿರು ಬಿಡಲ್ಲ, ನಿಲ್ಲಿಸಲ್ಲ, ಕೆಳಗಿಂದ ಮೇಲಕ್ಕೆ ಎಳೀತಾಳೆ ಅಂತ ಕಂಡುಹಿಡಿದಳು. ಮಧ್ಯಾಹ್ನ ಹೋಗಿ ಧೂಳಲ್ಲಿ ಹಾಗೇ ಎಳೆದು ತೋರಿಸಿದಳು.

"ಇದೂ ನಿಂದೇ. ಕಿತ್ತುಬಿಡಲಾ?" ಅಂತು ದೆವ್ವ.

"ಬೇಡ, ಬೇಡ!"

ಮತ್ತೆ ಮನೆಗೆ ಬಂದಳು, ಮತ್ತೆ ನೋಡಿದಳು. ಬೆರಳು ಬರೆಯೋವಾಗ ಹೊಂಬಿ ಮೊದಲು ಬಳೆ ಬರೀತಾಳೆ, ಆಮೇಲೆ ಬೆರಳು. ಮುಖಕ್ಕಿಂತ ಮೊದಲು ಕತ್ತು. ನೋಡಿದಳು, ಉರಿದಳು, ಹೋಗಿ ಬರೆದಳು. ಒಂದಲ್ಲ ಎರಡಲ್ಲ, ಬೇಸಿಗೆ ಬಿಸಿಲೆಲ್ಲ ಹೀಗೇ ಕಳೀತು. ಕಡೆಗೊಂದಿನ ದೆವ್ವ ಧೂಳಿನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಹೂಂ. ಇದು ಹೊಂಬಿದೇ. ಸೊಂಟ ಅವಳದೇ, ಬೆರಳು ಅವಳದೇ" ಅಂತು.

"ಕೀಳು ಹಾಗಾದ್ರೆ! ಬೇಗ ಕೀಳು!"

"ಹೇಗೇ ಕೀಳಲಿ? ಈಗ ಇದು ಇಬ್ಬರ ಕೈಲೂ ಇದೆ. ಬೇರು ಹಿಡಿದು ಎಳೆದ್ರೆ ಎರಡೂ ಕೈಯಿಂದ ಬರುತ್ತೆ. ಎಳೀಲಾ?"

ದ್ಯಾವಿ ಏನು ಮಾಡಿದಳು ಅಂತೀರಾ? ತಟ್ಟನೆ ಬೇಡ ಅನ್ನಲಿಲ್ಲ. ನನಗೆ ಹೋದ್ರೂ ಪರವಾಗಿಲ್ಲ, ಅವಳಿಗೆ ಹೋಗಲಿ ಅಂತ ಒಂದು ಗಳಿಗೆ ನಾಲಗೆ ತುದಿವರೆಗೂ ಬಂತಂತೆ. ಅಷ್ಟು ಕೆಟ್ಟದ್ದು ಆ ಉರಿ. ಆಮೇಲೆ ತನ್ನ ಕೈ ನೋಡಿಕೊಂಡಳು. ಉಗುರಿಲ್ಲದ ಕೈ. "ಬೇಡ" ಅಂದಳು. ನನಗೂ ಈಗ ಬರುತ್ತಲ್ಲ, ಉಳಿ ನನಗೇ ಸಿಗುತ್ತೆ ಅಂತ ಮನೆಗೆ ಬಂದಳು.

ಇಬ್ಬರೂ ಮೊದಲು ಕಿರಿ ರಾಣಿ ಗೊಂಬೆ ಮಾಡಿದರು. ಅಜ್ಜಿ ಒಳಮನೆ ಬಾಗಿಲು ಹಾಕಿ, ಕತ್ತಲು ಮಾಡಿ, ಪರದೆ ಹಿಂದೆ ಎರಡನ್ನೂ ನಿಲ್ಲಿಸಿ ದೀಪ ಹಚ್ಚಿದಳು. ಸುಮಾರು ಹೊತ್ತು ನೋಡಿದಳು. ಒಂದಕ್ಕಿಂತ ಒಂದು ಚೆನ್ನ.

"ಎರಡೂ ಹೊಂಬಿ ಗೊಂಬೆ" ಅಂದಳು. "ದ್ಯಾವಿ, ನಿನ್ನ ಗೊಂಬೆ ಎಲ್ಲವ್ವಾ?"

"ಬಲಗಡೇದು ನಂದಜ್ಜಿ!"

"ಕೊರೆದಿದ್ದು ನೀನು. ಗೆರೆ ಹೊಂಬಿದು. ಕದ್ದೆ ಅಂತ ಬೈತಿಲ್ಲ ಮಗಾ, ನಾನೂ ಕಂಡೋರ ಗೆರೆ ನೋಡಿಯೇ ಕಲಿತದ್ದು. ಆದ್ರೆ ಹೊಂಬಿ ಗೆರೆ ಬೇಕು ಅಂದ್ರೆ ನನಗೆ ಹೊಂಬಿ ಇದಾಳಲ್ಲ." ಹೀಗಂದು ಹೊಂಬಿ ಗೊಂಬೇನ ಅರಮನೆ ಪೆಟ್ಟಿಗೇಲಿ ಇಟ್ಟುಬಿಟ್ಟಳು.

ದ್ಯಾವಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಬಿಸಿಲಲ್ಲಿ ಹುಣಸೇಮರಕ್ಕೆ ಓಡಿ, ದೆವ್ವಕ್ಕೆ ಬಾಯಿಗೆ ಬಂದ ಹಾಗೆ ಬೈದಳು. "ಹಾಳಾದೋನೇ, ನನ್ನದು ಅಂತ ಏನೂ ಇಲ್ಲದ ಹಾಗೆ ಮಾಡಿದೆಯಲ್ಲೋ!"

"ನಾನು ನಿನ್ನಿಂದ ಏನೂ ತಗೊಂಡಿಲ್ಲ ತಾಯಿ" ಅಂತು ದೆವ್ವ. "ಆ ಹೊಟ್ಟೆ ಉರಿ ಒಂದಿದೆಯಲ್ಲ, ಅದು ಯಾರನ್ನೂ ನೋಡಿ ಕಲಿತದ್ದಲ್ಲ. ಅದು ನಿಂದೇ. ಬೇಕಾದ್ರೆ ಅದನ್ನ ಕಿತ್ತುಕೊಡ್ತೀನಿ, ತಣ್ಣಗಿರು."

ದ್ಯಾವಿ ಆ ಉರೀನ ಹೊಟ್ಟೇಲೇ ಇಟ್ಟುಕೊಂಡಳು. ಹಾಗೇ ಮನೆಗೆ ಬಂದಳು. ದೆವ್ವ, ಇನ್ನಾದ್ರೂ ನೆಮ್ಮದಿಯಾಗಿ ಉಣ್ಣಬಹುದು ಅಂತ ಕೊಂಬೆ ಹತ್ತಿತಂತೆ. ಅದರ ಕಥೆ ಅಷ್ಟೇ.

ಮನೇಲಿ ನೋಡಿದ್ರೆ ಅಜ್ಜಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ. ಕಿರಿ ರಾಣಿ ಆಯ್ತು, ಹಿರಿ ರಾಣಿ ಆಗಬೇಕಲ್ಲ? ಹೊಂಬಿ ಬರೆದಳು, ಒರೆಸಿದಳು, ಮತ್ತೆ ಬರೆದಳು. ಎಷ್ಟು ಸಲ ಬರೆದರೂ ಹಿರಿ ರಾಣಿ ಮುಖದಲ್ಲಿ ನಗು ತುಳುಕೋದು.

"ಇವಳು ಸವತೀನಾ? ಬಾಣಂತನಕ್ಕೆ ಬಂದ ಚಿಕ್ಕಮ್ಮನ ಹಾಗಿದಾಳೆ!" ಅಂತ ಅಜ್ಜಿ ಗದರಿದಳು. ಹೊಂಬಿ, "ಸವತಿ ಅಂದ್ರೆ ಹೇಗಿರ್ತಾಳಜ್ಜಿ? ನಂಗೆ ಗೊತ್ತಾಗ್ತಿಲ್ಲ" ಅಂತ ಅಳೋ ಹಾಗಾದಳು. ಪಾಪ, ಅವಳಿಗೆ ಅಷ್ಟು ವರ್ಷಕ್ಕೆ ಯಾರ ಮೇಲೂ ಉರಿ ಬಂದಿರಲಿಲ್ಲ. ಬರೋಕೆ ಕಾರಣವೂ ಇರಲಿಲ್ಲ ಬಿಡಿ.

ಹದವಾದ ಚರ್ಮ ಅಂತ ಉಳಿದಿದ್ದು ಒಂದೇ. ದ್ಯಾವಿ ಅದನ್ನ ಎಳಕೊಂಡು ಮೂಲೇಲಿ ಕೂತಳು. ಕೆಳಗೆ ಹಳೇ ಗೊಂಬೆ ಇಡಲಿಲ್ಲ. ಹೊಂಬಿ ಕಡೆ ನೋಡಲಿಲ್ಲ. ಅಜ್ಜಿ ಚಿನ್ನ ಅಂದಾಗ ತನ್ನ ಮುಖ ಎಲ್ಲಿತ್ತು, ಕಣ್ಣು ಎಲ್ಲಿತ್ತು, ಕೈ ಏನು ಮಾಡ್ತಿತ್ತು ಅಂತ ನೆನೆಸಿಕೊಂಡು ಬರೆದಳು. ಬಾಯಲ್ಲಿ ನಗು ಇದೆ, ತುಟಿ ಬಿಗಿದಿದೆ. ಕೈ ಸೆರಗಿನ ತುದೀನ ಹಿಂಡ್ತಿದೆ. ಮೂಗು ರಾಜನ ಕಡೆ ಇದೆ, ಕಣ್ಣುಗುಡ್ಡೆ ಮಾತ್ರ ಹಿಂದಕ್ಕೆ ಜಾರಿ ಕಿರಿಯಳ ಕಡೆ ನೋಡ್ತಿದೆ. ಅಜ್ಜಿ ಉಳಿ ಅಲ್ಲೇ ಬಿದ್ದಿತ್ತು. ತಗೊಂಡು ಟಕ್ ಅಂತ ಕೊರೆದೇಬಿಟ್ಟಳು.

ಅಜ್ಜಿ ಬಂದು ನೋಡಿ ಎದೆ ಎದೆ ಬಡಕೊಂಡಳು. "ಅಯ್ಯೋ ಮುಂಡೇದೇ, ಏನು ಮಾಡಿದೆ! ಮೂಗು ನೋಡೋ ಕಡೆ ಕಣ್ಣು ನೋಡಬೇಕು ಅನ್ನೋದು ಗೊತ್ತಿಲ್ವಾ? ನಮ್ಮ ಮನೇಲಿ ಇಂಥ ಗೊಂಬೆ ಯಾವತ್ತಾದ್ರೂ ಕೊರೆದಿದಾರಾ? ತೊಗಲಿಗೆ ಬಿದ್ದ ತೂತು ಮುಚ್ಚೋಕಾಗುತ್ತಾ?"

ಮುಚ್ಚೋಕಾಗಲ್ಲ. ಬೇರೆ ಚರ್ಮ ಒಣಗೋಕೆ ದಿನ ಇಲ್ಲ. ಬೈತಾ ಬೈತಾನೇ ಅದನ್ನೇ ಪೆಟ್ಟಿಗೆಗೆ ಹಾಕಿಕೊಂಡು ಅರಮನೆಗೆ ಹೋದರು.

ಅರಮನೇಲಿ ಸಂಜೆ ದೀಪ ಹಚ್ಚೋ ಹೊತ್ತಿಗೆ ಆಟ ಶುರುವಾಯ್ತು. ಎದುರಿಗೆ ದೊರೆ ಕೂತಿದಾನೆ, ಬಲಕ್ಕೆ ಅವನ ಹಿರಿ ರಾಣಿ, ಎಡಕ್ಕೆ ಕಿರಿ ರಾಣಿ. ದೊರೆಗೂ ಇಬ್ಬರು ಕಣ್ರೀ, ಅದಕ್ಕೇ ಅವನಿಗೆ ಆ ಕಥೆ ಬೇಕಾಗಿತ್ತು ಅಂತ ಕಾಣುತ್ತೆ. ಪರದೆ ಮೇಲೆ ಕಿರಿಯಳ ಗೊಂಬೆ ಬಂತು. "ಆಹಾ, ಎಷ್ಟು ಚೆಂದ!" ಅಂದರು ಜನ. ರಾಜನ ಗೊಂಬೆ ಅವಳಿಗೆ ಹೂ ಮುಡಿಸಿತು. ಆಗ ಹಿರಿಯಳ ಗೊಂಬೆ ಬಂದು ಪಕ್ಕದಲ್ಲಿ ನಿಂತಿತು. ಮುಖ ಆ ಕಡೆ, ಕಣ್ಣು ಈ ಕಡೆ. ಆ ಜಾರಿದ ಕಣ್ಣಿನ ತೂತಲ್ಲಿ ದೀಪದ ಬೆಳಕು ಚುರ್ ಅಂತ ಹೊಳೀತು.

ಯಾರೋ ಕಿಸಕ್ ಅಂತ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ದೊರೆಯ ಹಿರಿ ರಾಣಿ ಎದ್ದು ನಿಂತುಬಿಟ್ಟಿದ್ದಳು. ಮುಗೀತು ಕಥೆ, ಇವತ್ತು ನಮ್ಮ ತಲೆ ಉಳಿಯಲ್ಲ ಅಂತ ಅಜ್ಜಿ ಪರದೆ ಹಿಂದೆ ಪೆಟ್ಟಿಗೆ ಕಟ್ಟೋಕೆ ಶುರು ಮಾಡಿದಳಂತೆ.

"ಇದನ್ನ ಬರೆದೋರು ಯಾರು?" ಅಂದಳು ರಾಣಿ.

ದ್ಯಾವಿ ಮುಂದೆ ಬಂದು ಕೈ ಮುಗಿದಳು.

"ನನ್ನ ಕಣ್ಣನ್ನ ಇವತ್ತಿನವರೆಗೆ ದೊರೆಗಳೂ ನೋಡಿಲ್ಲ. ನೀನೆಲ್ಲಿ ನೋಡಿದೆ?"

"ನಿಮ್ಮದಲ್ಲ ತಾಯಿ, ತಪ್ಪು ತಿಳೀಬೇಡಿ. ಅದು ನಂದು" ಅಂದಳು ದ್ಯಾವಿ.

ರಾಣಿ ಅವಳನ್ನೇ ನೋಡಿದಳು. ನೋಡ್ತಾ ನೋಡ್ತಾ ಅತ್ತಳು, ಅಳ್ತಾ ಅಳ್ತಾ ನಕ್ಕಳು. ಕೊರಳ ಸರ ತೆಗೆದು ಹುಡುಗಿ ಕೊರಳಿಗೆ ಹಾಕಿ, "ಆಟ ನಡೀಲಿ" ಅಂತ ಹೇಳಿ ಕೂತಳಂತೆ. ಆಟ ಮುಗಿದ ಮೇಲೆ ಅರಮನೆ ಬಾಗಿಲಲ್ಲೇ ಅಜ್ಜಿ ಉಳೀನ ದ್ಯಾವಿ ಕೈಗಿಟ್ಟಳು. "ಚಿನ್ನ ಅನ್ನಲ್ಲ ನಿನ್ನ. ಅದಕ್ಕಿಂತ ಗಟ್ಟಿ ಇದೀಯ" ಅಂದಳು.

ಮಾರನೇ ಬೆಳಿಗ್ಗೆ ಹೊಂಬಿ ಎದ್ದರೂ ಮುಖ ತೊಳೀಲಿಲ್ಲ, ರೊಟ್ಟಿ ಮುಟ್ಟಲಿಲ್ಲ. ಕಂಬಕ್ಕೆ ಒರಗಿ ಕೂತಿದ್ದಳು. ದ್ಯಾವಿ, "ಯಾಕೇ?" ಅಂದಳು.

"ಅಕ್ಕ, ಬೈಬೇಡ. ನಿನ್ನೆಯಿಂದ ಹೊಟ್ಟೇಲಿ ಏನೋ ಉರೀತಿದೆ. ಆ ಕಣ್ಣು ನನ್ನ ಕೈಗೆ ಯಾಕೆ ಬರಲಿಲ್ಲ? ನಿನ್ನ ಕೊರಳ ಸರ ನೋಡಿದ್ರೆ ಕಿತ್ತು ಬಿಸಾಕೋಣ ಅನ್ನಿಸುತ್ತೆ. ನಾನು ಕೆಟ್ಟೋಳಾದೆ ಅಕ್ಕ" ಅಂತ ಹೊಂಬಿ ಬಿಕ್ಕಿ ಬಿಕ್ಕಿ ಅತ್ತಳು.

ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿ ದ್ಯಾವಿಗೆ ಎದ್ದು ಕುಣಿಯೋ ಹಾಗಾಯ್ತಂತೆ. ಎಷ್ಟು ದಿನದಿಂದ ಕಾದಿದ್ದಳೋ ಅದಕ್ಕೆ! ಕುಣಿಯೋಕೆ ಮುಂಚೆ ಒಂದು ಸಲ ಹೊಂಬಿ ಮುಖ ನೋಡಿದಳು. ಅಲ್ಲೊಂದು ಗೆರೆ ಇತ್ತು, ಹುಬ್ಬಿನ ಹತ್ರ. ನಿನ್ನೆವರೆಗೂ ಇರಲಿಲ್ಲ, ತನ್ನ ಮುಖದಲ್ಲೂ ಅದು ಬರಲ್ಲ. ಅದು ಹೊಂಬಿದೇ.

ದ್ಯಾವಿ ತನ್ನ ತೊಡೆ ಮೇಲಿದ್ದ ಚರ್ಮ, ಇದ್ದಿಲು ಎರಡನ್ನೂ ಹೊಂಬಿ ಮಡಿಲಿಗೆ ತಳ್ಳಿದಳು. "ಅತ್ತುಕೊಂಡೇ ಬರಿ. ಉರಿ ಇರೋವಾಗ್ಲೇ ಬರೆದುಬಿಡು ಹೊಂಬಿ, ಆರಿದ ಮೇಲೆ ಸಿಗಲ್ಲ ಅದು" ಅಂದಳಂತೆ.

ಅವರು ಅಲ್ಲಿ ಒಬ್ಬರ ಮೇಲೊಬ್ಬರು ಉರಕೊಂಡು ಗೊಂಬೆ ಬರೀತಾ ಸುಖವಾಗಿದ್ರು, ನಾವು ಇಲ್ಲಿ ಅವರ ಮಾತಾಡ್ತಾ ಸುಖವಾಗಿದೀವಿ. ಕಥೆ ಅವರ ಮನೆ ಸೇರ್ತು, ಹೂಂಗುಟ್ಟಿದೋರು ತಂತಮ್ಮ ಮನೆ ಸೇರಿ.