ಕೊಕ್ಕಿನ ಹತ್ತಿರ ಬಂದು ದೂರು ಕೊಡು

ಕುಟುಕಿದವನು ಸಭ್ಯ, ಕಿರುಚಿದವಳು ಗಯ್ಯಾಳಿ, ಎಲ್ಲಿ ಹೇಳಿ? ತಲೆ ಕೆರೆದುಕೊಳ್ಳಬೇಡಿ, ನಾನೇ ಹೇಳ್ತೀನಿ: ವಿಶ್ವವಿದ್ಯಾಲಯದ ಕೊಳದಲ್ಲಿ.

ಅಲ್ಲಿ ಶಿಸ್ತು ಸಮಿತಿಗೆ ಕೊಕ್ಕರೆಯೇ ಅಧ್ಯಕ್ಷ. ಆ ಕೊಕ್ಕರೆಯೇ ತನ್ನ ಕಾಲು ಕುಟುಕಿತೆಂದು ಒಂದು ಕಪ್ಪೆ ಕೊಳಕ್ಕೆಲ್ಲ ಕೇಳುವಂತೆ ವಟಗುಟ್ಟಿತು.

"ಏನಮ್ಮಾ, ಗದ್ದಲ ಮಾಡುವುದೇ ಕಿರುಕುಳ ಅಂತ ನಿಯಮವಿದೆ. ದೂರಿದ್ದರೆ ಹತ್ತಿರ ಬಂದು ಕಿವಿಯಲ್ಲಿ ಹೇಳು" ಎಂದಿತು ಕೊಕ್ಕರೆ.

"ನಿಮ್ಮ ಕಿವಿ ಕೊಕ್ಕಿನ ಪಕ್ಕದಲ್ಲೇ ಇದೆಯಲ್ಲ ಸಾರ್?"

"ಬಾಯಿ ಮುಚ್ಚು, ಇಲ್ಲದಿದ್ದರೆ ಕೊಳದಿಂದ ಹೊರಗೆ ಹಾಕ್ತೀನಿ."

"ಹಾಕಿ ಸಾರ್. ನಾನು ದಡದಲ್ಲೂ ಬದುಕ್ತೀನಿ, ಅಲ್ಲಿಂದಲೂ ಕೂಗ್ತೀನಿ" ಎಂದು ಕಪ್ಪೆ ಇನ್ನೂ ಜೋರಾಗಿ ವಟಗುಟ್ಟಿತು. ಉಳಿದ ಕಪ್ಪೆಗಳೂ ದನಿಗೂಡಿಸಿದವು. ಕೊಕ್ಕರೆ ರಾಜೀನಾಮೆ ಕೊಟ್ಟು ಹಾರಿಹೋಯಿತು.

ಈ ರಾಜೀನಾಮೆ ಮಾತ್ರ ನಾನು ಕಟ್ಟಿದ ಕಥೆ. ಕೊಕ್ಕರೆ ಇನ್ನೂ ಅಲ್ಲೇ ಒಂಟಿಕಾಲಲ್ಲಿ ನಿಂತಿದೆ. ಕಪ್ಪೆ ಕೂಗ್ತಿರೋದಂತೂ ನಿಜ.