ಗೊದ್ದ ಕಚ್ಚಿದರೆ ಬಿಡುವುದಿಲ್ಲ, ಏಕೆ?

ಆಗ ಲೋಕ ಇನ್ನೂ ಹಸಿಯಾಗಿತ್ತು. ಬೆಟ್ಟಗಳು ಪೂರ್ತಿ ಆರಿರಲಿಲ್ಲ, ನದಿಗಳಿಗೆ ದಾರಿ ಗೊತ್ತಿರಲಿಲ್ಲ. ಸೂಜಿ ಇರಲಿಲ್ಲ, ದಾರ ಇರಲಿಲ್ಲ. ಗಾಯಗಳು ಮಾತ್ರ ಆಗಲೇ ಬಂದಿದ್ದವು.

ಗೊದ್ದ, ಅದೇ ಕಪ್ಪಗೆ ದಪ್ಪಗಿರುವ ಇರುವೆ, ಆ ಕಾಲದಲ್ಲಿ ಕಚ್ಚುತ್ತಿತ್ತು, ಓಡುತ್ತಿತ್ತು. ಕಚ್ಚುವುದು, ಓಡುವುದು. ಅಷ್ಟೇ ಅದರ ಕಸುಬು.

ಒಂದು ದಿನ ಜೇನು ಕೀಳುವ ಜಡೆಯ ಎಂಬುವನು ಮರದಿಂದ ಬಿದ್ದ. ಮುರಿದ ಕೊಂಬೆ ಹೊಟ್ಟೆ ಸೀಳಿತು. ಮದ್ದು ಕೊಡುವ ನಂಜವ್ವ ಗಾಯ ತೊಳೆದಳು, ಜೇನು ಸವರಿದಳು, ಸೀಳಿನ ಎರಡು ಅಂಚನ್ನೂ ಬೆರಳಲ್ಲಿ ಒತ್ತಿ ಹಿಡಿದಳು. ಬೆರಳು ತೆಗೆದರೆ ಗಾಯ ಮತ್ತೆ ಬಾಯಿ ಬಿಡುತ್ತಿತ್ತು.

"ಅವ್ವಾ, ನಾನು ಹೋದೆ," ಎಂದ ಜಡೆಯ.

"ಎಲ್ಲಿಗೆ ಹೋಗ್ತೀಯ? ಸುಮ್ನೆ ಬಿದ್ಕೋ," ಎಂದಳು ನಂಜವ್ವ. ಬೆರಳು ಮಾತ್ರ ತೆಗೆಯಲಿಲ್ಲ.

ಜೇನಿನ ವಾಸನೆಗೆ ಗೊದ್ದಗಳ ಸಾಲು ಬಂತು. ಮೊದಲನೆಯದು ಅಭ್ಯಾಸಬಲದಿಂದ ಕಚ್ಚಿತು. ದವಡೆಯ ಒಂದು ತುದಿ ಈ ಅಂಚಿಗೆ, ಇನ್ನೊಂದು ಆ ಅಂಚಿಗೆ. ಅಷ್ಟು ಜಾಗ ಮುಚ್ಚಿಕೊಂಡಿತು!

"ಬಿಡಬೇಡ ತಾಯೀ!" ಎಂದು ನಂಜವ್ವ ಕೂಗಿದಳು.

"ಎಲ್ಲಿಯವರೆಗೆ?" ಸಾಲಿನಲ್ಲಿದ್ದ ಹಿರಿಗೊದ್ದ ಕೇಳಿತು.

"ಚರ್ಮ ಕೂಡಿಕೊಳ್ಳುವವರೆಗೆ. ಏಳು ದಿನ."

"ಏಳು ದಿನ ಒಂದೇ ಕಡೆ? ನಮ್ಮ ವಂಶದಲ್ಲೇ ಯಾರೂ ನಿಂತಿಲ್ಲ!"

ಆದರೂ ನಿಂತವು. ಒಂದರ ಪಕ್ಕ ಒಂದು ಕಚ್ಚಿದವು. ಗಾಯ ಮುಚ್ಚುತ್ತ ಬಂತು.

ಆದರೆ ಕಾಲು ನಿಲ್ಲಬೇಕಲ್ಲ! ಆರಾರು ಕಾಲು ಹೊಟ್ಟೆಯ ಮೇಲೆ ಓಡತೊಡಗಿದವು. ಜಡೆಯನಿಗೆ ಕಚಗುಳಿ. ನಕ್ಕ. ನಕ್ಕಾಗಲೆಲ್ಲ ಗಾಯ ಬಿರಿದು ರಕ್ತ ಬಂತು.

"ನಗಬೇಡವೋ, ಸಾಯ್ತೀಯ!"

"ನಾನೆಲ್ಲಿ ನಗ್ತಿದೀನಿ ಅವ್ವಾ, ಇವು ನಗಿಸ್ತಿವೆ!"

ಹಿರಿಗೊದ್ದ ಗಾಯದ ಹತ್ತಿರ ಬಂದು ಹೇಳಿತು: "ನಂಜವ್ವಾ, ನಮ್ಮ ತಲೆ ಹೇಳಿದ ಮಾತು ಕೇಳುತ್ತೆ, ಕಾಲು ಕೇಳಲ್ಲ. ತಲೆ ಇಟ್ಟುಕೋ. ಉಳಿದದ್ದು ಚಿವುಟಿಬಿಡು."

"ನೀವು ಸಾಯ್ತೀರಲ್ಲ!"

"ಅವನು ಬದುಕ್ತಾನಲ್ಲ," ಎಂದು ಹಿರಿಗೊದ್ದ ಉಳಿದಿದ್ದ ಕೊನೆಯ ಸಂದಿಗೆ ತಾನೇ ಹೋಗಿ ಕಚ್ಚಿತು. ಮತ್ತೆ ಮಾತಾಡಲಿಲ್ಲ. ಬಾಯಿ ತುಂಬ ಕೆಲಸವಿತ್ತು.

ನಂಜವ್ವ ಅಳುತ್ತ ಒಂದೊಂದನ್ನೇ ಚಿವುಟಿದಳು. ತಲೆಗಳು ಬಿಡಲಿಲ್ಲ. ಬಿಸಿಲಿಗೂ ಬಿಡಲಿಲ್ಲ, ಮಳೆಗೂ ಬಿಡಲಿಲ್ಲ. ಎಂಟನೆಯ ದಿನ ಜಡೆಯ ಎದ್ದು ಕೂತು ಗಂಜಿ ಕೇಳಿದ.

ಇದನ್ನೆಲ್ಲ ನೋಡಿದ ಭೂಮಿತಾಯಿ, ಗೂಡಿನಲ್ಲಿ ಉಳಿದಿದ್ದ ಮರಿಗಳಿಗೂ ಅದೇ ಹಿಡಿತ ಕೊಟ್ಟಳು.

ಅದಕ್ಕೇ ಮಗಾ, ಇವತ್ತಿಗೂ ಗೊದ್ದ ಕಚ್ಚಿದಾಗ ಎಳೆದರೆ ಮೈ ಕೈಗೆ ಬರುತ್ತೆ, ತಲೆ ಅಲ್ಲೇ ಇರುತ್ತೆ. ಈಗ ನಿನ್ನ ಕಾಲಿಗೆ ಕಚ್ಚಿದೆಯಲ್ಲ, ಅಲ್ಲಿ ಗಾಯವೇ ಇಲ್ಲ ಅಂತ ಪಾಪ, ಅದಕ್ಕೆ ಯಾರೂ ಹೇಳಿಲ್ಲ.